ಡಾಕ್ಟರ್ ಕೈಗುಣ

ಓಣಿಯವರು ಅವನನ್ನು ಡಾಕ್ಟರ್ ಎಂದೇ ಕರೆಯುತ್ತಾರೆ. ಹಳೆಯ ಲ್ಯಾಪ್‌ಟಾಪುಗಳನ್ನು ಕೊಂಡು, ಬಿಚ್ಚಿ, ರಿಪೇರಿ ಮಾಡಿ ಮಾರುವುದು ಅವನ ಕಸುಬು. ಮೆಟ್ಟಿಲ ಕೆಳಗಿನ ಅವನ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಗಿರಾಕಿ ಒಳಗೆ ಬರಬೇಕಾದರೆ ಡಾಕ್ಟರ್ ಹೊಟ್ಟೆ ಒಳಗೆಳೆದುಕೊಳ್ಳಬೇಕು. ಕಸುಬು ಅವನಿಗೆ ಎರಡು ಪಾಠ ಕಲಿಸಿತ್ತು: ಗಿರಾಕಿಯೆದುರು ‘ಗೊತ್ತಿಲ್ಲ’ ಎನ್ನಬಾರದು, ಬಿಚ್ಚಿದ ಸ್ಕ್ರೂ ನೆಲಕ್ಕೆ ಬೀಳಬಾರದು. ಸ್ಕ್ರೂಗಳಿಗಾಗಿ ಅವನು ಈಚೆಗೆ ಹಳೆಯ ಸ್ಪೀಕರಿನ ಅಯಸ್ಕಾಂತದ ಚೂರುಗಳನ್ನು ಚರ್ಮದ ಪಟ್ಟಿಯೊಳಗೆ ಹೊಲಿದು ಎಡಗೈ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದ. ಸ್ಕ್ರೂಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಅದಕ್ಕೆ ಅಂಟಿಕೊಳ್ಳುತ್ತಿದ್ದವು.

ಆ ದಿನ ಬೆಳಿಗ್ಗೆ ಹತ್ತಕ್ಕೆ ನುಗ್ಗಿ ಬಂದವಳು ಗಿರಾಕಿಯಲ್ಲ, ಒಡಹುಟ್ಟಿದ ಅಕ್ಕ. ಇಪ್ಪತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಅದು ಬಾಗಿಲು ಮುಚ್ಚಿ ಎಂಟು ತಿಂಗಳಾಗಿತ್ತು. ಕಂಕುಳಲ್ಲಿದ್ದದ್ದು ಹೋದ ವಾರ ತಮ್ಮನೇ ಕೊಟ್ಟ ಲ್ಯಾಪ್‌ಟಾಪು.

“ಕಲ್ಲುಗುಂಡಿನ ಹಾಗಿದೆ ಅಂತ ಕೊಟ್ಟೆ. ಈಗ ಕಲ್ಲೇ ಆಗಿ ಕೂತಿದೆ ನೋಡು. ಫ್ಯಾನ್ ತಿರುಗುತ್ತೆ, ಪರದೆ ಬರಲ್ಲ. ಹನ್ನೊಂದಕ್ಕೆ ಸಂದರ್ಶನ.”

“ಫೋನಲ್ಲಿ ಮಾಡೋಕಾಗಲ್ವಾ ಅಕ್ಕ?”

“ಅವರು ಪುಟ ಕಳಿಸ್ತಾರೆ, ಅವರ ಕಣ್ಣೆದುರೇ ತಿದ್ದಿ ತೋರಿಸಬೇಕು. ಇದು ಕೈಬಿಟ್ರೆ ನನ್ನ ವಯಸ್ಸಿನವಳನ್ನ ಇನ್ಯಾರು ಕರೀತಾರೆ?”

ಡಾಕ್ಟರ್ ಲ್ಯಾಪ್‌ಟಾಪಿನ ತಳದ ತಟ್ಟೆ ಬಿಚ್ಚಿದ. ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದ. ಮೆಮೊರಿ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ. ಎಡಗೈಯಿಂದ ಯಂತ್ರವನ್ನು ಅದುಮಿ ಹಿಡಿದು ಬಲಗೈಯಿಂದ ಗುಂಡಿ ಒತ್ತಿದ. ಫ್ಯಾನ್ ಗುಂಯ್‌ಗುಟ್ಟಿತು. ಪರದೆ ಕಪ್ಪು.

“ಏನಾಗಿದೆ?”

“ಸಣ್ಣದು, ಈಗ ಆಗುತ್ತೆ,” ಎಂದ. ಏನಾಗಿದೆಯೋ ಅವನಿಗೂ ತಿಳಿದಿರಲಿಲ್ಲ.

ಹತ್ತೂವರೆಗೆ ಮೆಮೊರಿ ಬದಲಾಯಿಸಿದ. ಕಪ್ಪು. ಪರದೆಯ ತಂತಿ ಕಿತ್ತು ಸಿಕ್ಕಿಸಿದ. ಕಪ್ಪು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅಕ್ಕ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದಳು. ಹತ್ತು ಐವತ್ತಕ್ಕೆ “ಮುಖಕ್ಕೆ ನೀರು ಹಾಕ್ಕೊಂಡು ಬರ್ತೀನಿ” ಎಂದು ಹಿತ್ತಲಿಗೆ ಓಡಿದ. ಅಸಲಿಗೆ ಅಳು ಬರುವಂತಿತ್ತು.

“ಬಾರೋ, ಬಂತು!”

ಓಡಿ ಬಂದ. ಪರದೆ ಬೆಳಗುತ್ತಿತ್ತು. ಅಕ್ಕ ಸುಮ್ಮನೆ ಗುಂಡಿ ಒತ್ತಿದ್ದಳಂತೆ. ನಂಬಲಾಗದೆ ಬಗ್ಗಿ, ಎಡಗೈಯನ್ನು ಕೀಲಿಗಳ ಪಕ್ಕ ಊರಿದ. ಪರದೆ ಕಪ್ಪಾಯಿತು.

ಕೈ ಎತ್ತಿದ. ಬೆಳಗಿತು. ಊರಿದ. ಕಪ್ಪು.

ಮೂರನೆಯ ಸಲಕ್ಕೆ ಅಕ್ಕ ಅವನ ಮಣಿಕಟ್ಟು ಹಿಡಿದು ನೋಡಿದಳು. ಪುಟದಲ್ಲಿ ತಪ್ಪು ಕಂಡಾಗ ಹೀಗೆಯೇ ನೋಡುತ್ತಿದ್ದಳೇನೋ. “ಇದರೊಳಗೇನಿದೆ?”

“ಅಯಸ್ಕಾಂತ,” ಎಂದ. ಮುಚ್ಚಳ ಮುಚ್ಚಿತೋ ಇಲ್ಲವೋ ಎಂದು ಲ್ಯಾಪ್‌ಟಾಪು ತಿಳಿಯುವುದೇ ಪರದೆಯ ಆ ಮುಚ್ಚಳದಲ್ಲಿರುವ ಅಯಸ್ಕಾಂತದಿಂದ. ಇವನ ಕೈ ಹತ್ತಿರ ಬಂದಾಗಲೆಲ್ಲ ಅದು ‘ಮುಚ್ಚಿದರು’ ಎಂದು ಕಣ್ಣು ಮುಚ್ಚಿಕೊಂಡಿತ್ತು. ಬಹುಶಃ ರಬ್ಬರಿನಿಂದ ಉಜ್ಜಿದಾಗಲೇ ರೋಗ ವಾಸಿಯಾಗಿತ್ತು; ಉಳಿದ ಮುಕ್ಕಾಲು ಗಂಟೆಯ ರೋಗ ಡಾಕ್ಟರೇ.

“ಹೊರಗೆ ಹೋಗು.”

“ಪಟ್ಟಿ ಬಿಚ್ತೀನಿ ಅಕ್ಕ.”

“ಪಟ್ಟಿ ಸಮೇತ ಹೋಗು.”

ಮುಂದಿನ ಒಂದು ಗಂಟೆ ಅವನು ತನ್ನದೇ ಅಂಗಡಿಯ ಬಾಗಿಲಲ್ಲಿ ನಿಂತು, ಬಂದ ಗಿರಾಕಿಗಳಿಗೆ ಪಿಸುದನಿಯಲ್ಲಿ “ಆಪರೇಷನ್ ನಡೀತಿದೆ” ಎನ್ನುತ್ತಿದ್ದ. ಒಳಗೆ ಅಕ್ಕನ ದನಿ ಮೊದಮೊದಲು ನಡುಗಿತು. ಆಮೇಲೆ “ಇಲ್ಲಿ ಎರಡು ಸಾಲು ಬಿಟ್ಟುಹೋಗಿದೆ, ಅರ್ಥವಾಗಲ್ಲ” ಎಂದು ಯಾರನ್ನೋ ಗದರಿತು. ಕೆಲಸ ಕೊಡುವವರನ್ನೇ ಗದರುತ್ತಿದ್ದಾಳಲ್ಲ ಎಂದು ಡಾಕ್ಟರ್ ತಲೆಯ ಮೇಲೆ ಕೈಯಿಟ್ಟುಕೊಂಡ.

ಹೊರಬಂದವಳ ಕಣ್ಣು ಒದ್ದೆಯಾಗಿತ್ತು. “ನಾಡಿದ್ದಿನಿಂದ ಕೆಲಸ,” ಎಂದಳು. ಲ್ಯಾಪ್‌ಟಾಪನ್ನು ಎಳೆಗೂಸಿನಂತೆ ಎದೆಗವಚಿಕೊಂಡು, ಅವನನ್ನು ಸುತ್ತು ಹಾಕಿ, ರಸ್ತೆಯ ಆಚೆ ಬದಿಯಿಂದ ಮನೆಗೆ ನಡೆದಳು.