ಬಾನಿಯೊಳಗೆ ಇಳಿಯದ ಕೈ

ಆಯಿಯ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳೊಂದಿಗೆ ಮುನಿಸಿಕೊಂಡಂತೆ ದೂರ ನಿಂತಿತ್ತು. ತೊಗಲಿನ ಎಳೆಗಳ ತುದಿಯನ್ನು ಆ ಸಂದಿಯಲ್ಲಿ ಸಿಕ್ಕಿಸಿ, ಕಾಲು ಚಾಚಿ, ಬಿಗಿಯಾಗಿ ಎಳೆದು ಹೆಣೆದು ಹೆಣೆದು ಅದು ಹಾಗಾಗಿತ್ತು. ಚಪ್ಪಲಿ ಮೆಟ್ಟಿದರೆ ಆ ಬೆರಳು ಹೊರಗೇ ಉಳಿಯುತ್ತಿತ್ತು. "ಇದು ನನ್ನ ಮೂರನೇ ಕೈರಿ ಅಕ್ಕೋರ. ಕೈಗಿ ಯಾರರ ಚಪ್ಲಿ ಹಾಕ್ತಾರೇನು?" ಎಂದು ನಗುತ್ತಿದ್ದಳು.

ಅಕ್ಕೋರು ಎಂದರೆ ನಾನು. ಯಲಬುರ್ಗಾ ಕಡೆಯ ಆ ಹಳ್ಳಿಗೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಹೋದಾಗ ನನಗೆ ಬಾಡಿಗೆಗೆ ಸಿಕ್ಕಿದ್ದು ಓಣಿಯ ಕಟ್ಟಕಡೆಯ ಮನೆ. ರಸ್ತೆ ದಾಟಿದರೆ ಆಯಿಯ ಓಣಿ ಶುರುವಾಗುತ್ತಿತ್ತು. ನಮ್ಮ ಓಣಿಯವರು ಸುಮ್ಮಸುಮ್ಮನೆ ಆ ರಸ್ತೆ ದಾಟುತ್ತಿರಲಿಲ್ಲ. ನಾನು ದಾಟಿದೆ. ಆಯಿಯ ಮನೆಯಲ್ಲಿ ಚಹಾ ಕುಡಿದೆ, ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮರುದಿನ ತರಗತಿಯಲ್ಲಿ 'ಮನುಷ್ಯರೆಲ್ಲ ಒಂದೇ' ಎಂದು ಹೇಳುವಾಗ ನನ್ನ ದನಿ ಅಗತ್ಯಕ್ಕಿಂತ ತುಸು ಹೆಚ್ಚೇ ಏರಿತ್ತು.

ಗಂಡ ತೀರಿಕೊಂಡ ಮೇಲೂ ಆಯಿ ಮನೆಯ ಕಸುಬು ಬಿಟ್ಟಿರಲಿಲ್ಲ. ಮಟನ್ ಅಂಗಡಿಯಿಂದ ಮೇಕೆಯ ತೊಗಲು ತಂದು, ಮೊಂಡು ಕುಡುಗೋಲಿನಿಂದ ಒಳಮೈಯ ಮಾಂಸ, ಕೊಬ್ಬು ಕೆರೆದು ತೆಗೆಯುವಳು. ಅಂಗಳದಲ್ಲಿದ್ದ ಕಲ್ಲಿನ ಬಾನಿಯಲ್ಲಿ ಸುಣ್ಣದ ನೀರು ಕಲಸಿ ಐದು ದಿನ ನೆನೆಹಾಕುವಳು. ಹೆಬ್ಬೆರಳಿನಿಂದ ಒತ್ತಿದರೆ ಕೂದಲು ಜಾರಿ ಬರಬೇಕು, ಅದು ಹದ. "ನಿಮ್ಮ ಸಾಲಿ ಹುಡುಗೂರು ಐದು ದಿನದಾಗ ಅ ಆ ಕಲಿಯಂಗಿಲ್ಲ ನೋಡ್ರಿ, ನನ್ನ ತೊಗಲು ಪಾಸೇ ಆಗಿಬಿಡ್ತೈತಿ" ಎಂದು ನನ್ನನ್ನು ಕೆಣಕುವಳು. ಆಮೇಲೆ ಐದಾರು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಗೂಟ ಬಡಿದು ಬಿಗಿಯಾಗಿ ಎಳೆದು ಒಣಗಿಸಿದರೆ, ಬೆರಳಿನಿಂದ ಬಡಿದಾಗ ಟಣ್ ಎನ್ನುವ ತೊಗಲು ಸಿದ್ಧ. ಅದನ್ನು ಅಂಚಿನಿಂದ ನಡುವಿನ ತನಕ ಸುತ್ತುಸುತ್ತಾಗಿ, ಎಲ್ಲೂ ಕಡಿಯದಂತೆ, ಒಂದೇ ಎಳೆಯಾಗಿ ಕೊಯ್ಯುವಳು. ಅಳತೆಗೋಲು ಅವಳ ಉಗುರು. ಹೆಣೆಯುವ ಹಿಂದಿನ ದಿನ ಎಳೆಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಬೆಳಿಗ್ಗೆ ತೆಗೆದು ಕೆಳದುಟಿಗೆ ತಾಗಿಸಿ ನೋಡುವಳು. ತುಟಿಗೆ ತಣ್ಣಗೆ ಹತ್ತಬೇಕು, ಆದರೆ ನೀರು ಹತ್ತಬಾರದು. ನೀರು ಹೆಚ್ಚಾದರೆ ಹೆಣಿಗೆ ಒಣಗಿದ ಮೇಲೆ ಸಡಿಲ, ಕಡಿಮೆಯಾದರೆ ಎಳೆ ಬಿರುಕು. ಇಷ್ಟೆಲ್ಲ ನನಗೆ ಬಾಯಿಪಾಠ ಬರುತ್ತದೆ. ಬಾಯಿಪಾಠಕ್ಕೇನು ಕಡಿಮೆಯಿಲ್ಲ.

ಎತ್ತುಗಳನ್ನು ಸಿಂಗರಿಸಿ ಮೆರೆಸುವ ಒಂದು ಕಾರಹುಣ್ಣಿಮೆಗೆ ಮುಂಚೆ ತಳಕಲ್ಲಿನಿಂದ ಒಬ್ಬ ರೈತ ಆಯಿಯನ್ನು ಹುಡುಕಿಕೊಂಡು ಬಂದ. ನೈಲಾನ್ ಹಗ್ಗ ಉಜ್ಜಿ ಅವನ ಎತ್ತುಗಳ ಕೊರಳು ಹುಣ್ಣಾಗಿತ್ತು. ಜೋಡೆತ್ತಿಗೆ ಎರಡು ಹೆಣೆದ ಕೊರಳಪಟ್ಟಿ ಬೇಕೆಂದ. ಅವು ಚೆನ್ನಾಗಿ ಬಂದರೆ ಊರಲ್ಲಿ ಇನ್ನೂ ಐದಾರು ಜನ ಮಾಡಿಸುತ್ತಾರೆ ಎಂದೂ ಹೇಳಿದ. ಬಹಳ ವರ್ಷಗಳ ಮೇಲೆ ಅವಳ ಕೈಗೆ ಅಂಥ ಕೆಲಸ ಬಂದಿತ್ತು. ಆಯಿ ಅಂದು ಸಂಜೆ ನಮ್ಮ ಮನೆಗೆ ಬಂದು ಎರಡೆರಡು ಸಲ ಅದನ್ನೇ ಹೇಳಿದಳು.

ತೊಗಲು ಬಾನಿಗೆ ಬಿದ್ದ ದಿನವೇ ಅವಳ ಮಗಳಿಗೆ ಹೆರಿಗೆ ನೋವು ಶುರುವಾಯಿತು. ಕೊಪ್ಪಳದ ಆಸ್ಪತ್ರೆಗೆ ಹೊರಟು ನಿಂತ ಆಯಿ ನನ್ನ ಬಾಗಿಲಿಗೆ ಬಂದಳು.

"ಅಕ್ಕೋರ, ಮುಂಜಾನಿಗೊಮ್ಮಿ, ಸಂಜಿಗೊಮ್ಮಿ ಬಾನ್ಯಾಗಿನ ತೊಗಲು ತಿರುವಿ ಹಾಕ್ರಿ. ಕೋಲಿಲೆ ಬ್ಯಾಡ್ರಿ, ಮಡಿಕಿ ಬಿಚ್ಚಂಗಿಲ್ಲ. ಕೈ ಹಾಕೇ ಬಿಡಿಸಬೇಕು. ಇಲ್ಲಂದ್ರ ಮ್ಯಾಲೆ ತೇಲಿದ್ದು ಕೊಳಿತೈತಿ."

"ನಿಮ್ಮ ಓಣ್ಯಾಗ ಯಾರಿಗರ ಹೇಳಿದ್ರ ಆಗ್ತಿತ್ತಲ್ಲ, ಆಯಿ?"

"ಅವ್ರು ಹೂಂ ಅಂತಾರ, ಮರೀತಾರ. ನೀವು ಕೊಟ್ಟ ಮಾತಿಗಿ ತಪ್ಪವ್ರಲ್ಲ."

ನಾನು ಹೂಂ ಎಂದೆ.

ಸಂಜೆ ಹೋಗಿ ಬಾನಿಯ ಮುಚ್ಚಳ ಸರಿಸಿದೆ. ಬಳೆ ಮೇಲೇರಿಸಿದೆ, ಸೆರಗು ಸಿಕ್ಕಿಸಿದೆ, ಬಗ್ಗಿದೆ. ಕೈ ನೀರಿನ ತನಕ ಹೋಯಿತು, ಒಳಗೆ ಇಳಿಯಲಿಲ್ಲ. ಪಕ್ಕದಲ್ಲಿದ್ದ ಕೋಲಿನಿಂದ ಎರಡು ಸಲ ಚುಚ್ಚಿ ಮನೆಗೆ ಬಂದೆ. ಮರುದಿನವೂ ಕೋಲು. ಮೂರನೆಯ ದಿನ ಶಾಲೆಯಲ್ಲಿ ಕೆಲಸ ಹೆಚ್ಚಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹೋಗಲೇ ಇಲ್ಲ.

ವಾಸನೆಗೆ ಹೇಸಿದೆ ಎಂದರೆ ಅದು ಸುಳ್ಳು. ಆ ಭಾನುವಾರ ನಮ್ಮ ಮನೆಯಲ್ಲಿ ಮಟನ್. ಆಯಿ ತೊಗಲು ತಂದ ಅಂಗಡಿಯದೇ. ಅದನ್ನು ಇದೇ ಕೈಯಿಂದ ತೊಳೆದೆ, ಹೆಚ್ಚಿದೆ, ಮಸಾಲೆ ಹಚ್ಚಿದೆ. ಮೇಕೆಯ ಮಾಂಸ ಮುಟ್ಟಿದ ಕೈಗೆ ಮೇಕೆಯ ತೊಗಲು ಮುಟ್ಟಲು ಏನು ಅಡ್ಡಿಯಾಗಿತ್ತೋ, ಅದರ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳ ಮನಸ್ಸಿನಿಂದ ಅದನ್ನು ಕಿತ್ತುಹಾಕಲೆಂದೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

ಆರನೆಯ ದಿನ ಆಯಿ ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ನೇರ ನಮ್ಮ ಮನೆಗೆ ಬಂದಳು. ಮೊಮ್ಮಗಳು ಹುಟ್ಟಿದ್ದಕ್ಕೆ ಪೇಡೆ ತಂದಿದ್ದಳು. ಸೀರೆಯ ಗಂಟಿನಿಂದ ಒಂದು ಸಣ್ಣ ಶೀಶೆಯನ್ನೂ ತೆಗೆದಳು.

"ಕೊಬ್ರಿಎಣ್ಣಿರಿ. ಸುಣ್ಣ ಕೈ ತಿಂತೈತಿ. ಬರೇ ಚಾಕ್‌ಪೀಸ್ ಹಿಡಿಯೋ ಕೈ ನಿಮ್ಮವು, ಪಾಪ, ಒಡೆದಿರ್ತಾವು. ತರ್ರಿ ಇಲ್ಲಿ."

ಬೇಡ ಬೇಡ ಎನ್ನುತ್ತಿದ್ದಂತೆ ನನ್ನೆರಡೂ ಕೈ ಎಳೆದುಕೊಂಡು ಅಂಗೈ ಮೇಲೆ ಮಾಡಿದಳು. ಐದು ದಿನ ಸುಣ್ಣದಲ್ಲಿ ಅದ್ದಿದ ಕೈ ಹೇಗಿರುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ನನ್ನ ಕೈಗಳು ನುಣ್ಣಗಿದ್ದವು. ಉಗುರಿನ ಬಣ್ಣ ಕೂಡ ಮಾಸಿರಲಿಲ್ಲ. ಆಯಿ ಕೈ ತಿರುವಿ ಬೆರಳ ಸಂದಿಗಳನ್ನೂ ನೋಡಿದಳು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ದಿನಾ ಎರಡೆರಡು ಸಲ ತಿರುವಿದೆ, ಆಯಿ" ಎಂದೆ.

"ಹೂಂರಿ" ಎಂದಳು. ಎಣ್ಣೆ ಸುರಿದು, ಒಂದೊಂದೇ ಬೆರಳನ್ನು ನಿಧಾನವಾಗಿ ತಿಕ್ಕಿದಳು. ಹತ್ತೂ ಬೆರಳು. ನಾನು ಕೈ ಎಳೆದುಕೊಳ್ಳಲಿಲ್ಲ.

ತೊಗಲು ಅರ್ಧ ಕೊಳೆತಿತ್ತು. ಕೂದಲು ಕೆರೆಯಲು ಹೋದರೆ ನೆನೆದ ಕಾಗದದಂತೆ ಹರಿಯಿತು. ಹೊಸ ತೊಗಲು ನೆನೆದು, ಒಣಗಿ, ಹೆಣೆಯುವಷ್ಟು ದಿನ ಕಾರಹುಣ್ಣಿಮೆಗೆ ಉಳಿದಿರಲಿಲ್ಲ. ಎರಡು ದಿನ ಬಿಟ್ಟು ತಳಕಲ್ಲಿನ ರೈತ ವಿಚಾರಿಸಲು ಬಂದಾಗ ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದೆ.

"ಏನಾತಬೇ?" ಎಂದ ಅವನು.

"ನನ್ನ ಕೈ ತಪ್ತೋ ಯಪ್ಪಾ. ಸುಣ್ಣದ ಹದ ತಿಳೀಲಿಲ್ಲ. ವಯಸ್ಸಾತು" ಎಂದಳು ಆಯಿ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಕಳ್ಳನಿಗೊಂದು ಪಿಳ್ಳೆನೆವ. ಬಾಯಿ ಬಿಡುವವರನ್ನು ಯಾರೂ ನೋಡಬೇಕಾಗಿಲ್ಲ.

ರೈತ ನೈಲಾನ್ ಹಗ್ಗವನ್ನೇ ಕಟ್ಟಿದ. ಮುದುಕಿಯ ಕೈ ಹೋಯಿತು ಎಂಬ ಮಾತು ತಳಕಲ್ಲಿನಿಂದ ಸುತ್ತಲಿನ ಊರುಗಳಿಗೂ ಹೋಯಿತು. ಕೊರಳಪಟ್ಟಿ ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಆ ಕೈಗೆ ಏನೂ ಆಗಿರಲಿಲ್ಲ ಎಂದು ಬಲ್ಲವಳು ಊರಿನಲ್ಲಿ ನಾನೊಬ್ಬಳೇ. ನಾನು ತೆಪ್ಪಗಿದ್ದೆ. ಆಯಿ ಒಂದೊಂದು ಬಾರುಕೋಲು ಹೆಣೆದು ಸಂತೆಯಲ್ಲಿಟ್ಟು ಕೂರುತ್ತಿದ್ದಳು.

ನನ್ನ ಮೇಲೆ ಅವಳು ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ರೊಟ್ಟಿ ಬರುತ್ತಿತ್ತು, ಚಹಾ ಬರುತ್ತಿತ್ತು, ತಮಾಷೆಯೂ ಇತ್ತು. ಆದರೆ ಮೊದಲು "ಅಕ್ಕೋರ, ಈ ಕಾಗದ ಓದ್ರಿ, ಈ ಫೋನ್ ಹಚ್ಚಿಕೊಡ್ರಿ" ಎಂದು ದಿನಕ್ಕೆರಡು ಸಲ ಬರುತ್ತಿದ್ದವಳು ಆಮೇಲೆ ನನಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

ಹೋದ ವರ್ಷ ಆಯಿ ತೀರಿಕೊಂಡಳು. ಅಷ್ಟರಲ್ಲಿ ನನಗೆ ಸಿದ್ದಾಪುರದ ಕಡೆ ವರ್ಗವಾಗಿತ್ತು. ಸುದ್ದಿ ತಡವಾಗಿ ತಿಳಿದು, ಮೂರನೆಯ ದಿನ ಹೋದೆ. ಮಗಳು ಅಂಗಳದಲ್ಲಿದ್ದಳು. ಸಾಯುವ ಹಿಂದಿನ ದಿನ ಆಯಿ ಬಾನಿಗೆ ಹಾಕಿದ್ದ ತೊಗಲು ಇನ್ನೂ ಅದರಲ್ಲೇ ಇತ್ತು.

ಅಲ್ಲೇ ನಿಂತು, ಅಳುತ್ತಾ, ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಸಮಾಧಾನದಿಂದ ಕೇಳಿದಳು.

"ಗೊತ್ತೈತ್ರಿ ಅಕ್ಕೋರ, ಅವ್ವ ಹೇಳಿದ್ಲು. ಅಕ್ಕೋರು ಭಾಳ ಛಲೋರು, ಆದ್ರ ಅವ್ರಿಗೆ ಇಂಥಾ ಕೆಲಸ ಹೇಳಬ್ಯಾಡ, ಅವ್ರ ಕೈಲೆ ಆಗಂಗಿಲ್ಲ ಅಂತಿದ್ಲು." ಅವಳ ದನಿಯಲ್ಲಿ ಕೊಂಕು ಇರಲಿಲ್ಲ. "ಕುಂದರ್ರಿ, ಇದೊಂದು ತಿರುವಿ ಹಾಕಿ ಬರ್ತೀನಿ. ತೊಗಲಿಗೆ ಸೂತಕ ತಿಳೀದಿಲ್ಲ."

"ಇವತ್ತು ನಾನು ತಿರುವ್ತೀನಿ, ತಂಗಿ" ಎಂದು ಬಳೆ ತೆಗೆದೆ.

"ಬ್ಯಾಡ್ರಿ, ನಿಮಗ್ಯಾಕ?" ಎಂದು ಅವಳು ಮಣೆ ತಳ್ಳಿದಳು.

ಒಂದೇ ಸಲ ಬೇಡವೆಂದಳು. ನಾನು ಎರಡನೆಯ ಸಲ ಕೇಳಲಿಲ್ಲ. ಬಳೆ ಮತ್ತೆ ಹಾಕಿಕೊಂಡು ಮಣೆಯ ಮೇಲೆ ಕುಳಿತೆ. ಅವಳು ಮೊಣಕೈ ತನಕ ಕೈ ಇಳಿಸಿದಳು. ಸದ್ಯ, ತಪ್ಪಿತಲ್ಲ ಎಂದು ನನ್ನ ಮನಸ್ಸಿಗೆ ಹಾಯೆನಿಸಿತು.