ಬಾಣಂತಿಯ ಸ್ನಾನ

ಮಗಳ ಬಾಣಂತನಕ್ಕೆ ನಾನು ಏನೂ ಕಡಿಮೆ ಮಾಡಿರಲಿಲ್ಲ. ಎಣ್ಣೆ ತಿಕ್ಕಿ ಮೀಯಿಸಲು ಕೂಳೂರಿನಿಂದ ಒಬ್ಬ ಹೆಂಗಸು ದಿನಾ ಬರುತ್ತಿದ್ದಳು. ಹದಿನೈದನೆಯ ದಿನ ಅವಳು ಕೈ ಒರೆಸಿಕೊಳ್ಳುತ್ತಾ, “ಅಮ್ಮ, ಬೆನ್ನಿಗೆ ನೀರು ಹೊಯ್ಯುವಾಗ ಅವರು ದಿನಾ ಅಳ್ತಾರೆ. ಎಂತ ಅಂತ ಒಮ್ಮೆ ಕೇಳಿ” ಎಂದಳು.

ನನಗೆ ಸಿಟ್ಟು ಬಂತು. ಮೀಯಿಸಲು ಬಂದವಳು ಮೀಯಿಸಿ ಹೋಗಬೇಕು. “ಹೊಗೆಗೆ ಕಣ್ಣು ಉರಿಯುವುದಿರಬೇಕು. ನನಗೂ ಬಾಣಂತನದಲ್ಲಿ ಹಾಗೇ ಆಗ್ತಿತ್ತು” ಎಂದೆ. ಅವಳು ನನ್ನ ಮುಖವನ್ನೇ ನೋಡಿ, ಚೀಲ ಎತ್ತಿಕೊಂಡು ಹೋದಳು.

ಐದು ತಿಂಗಳ ಬಳಿಕ ಡಾಕ್ಟರರು, ಇದು ಹೆರಿಗೆಯ ನಂತರ ಬರುವ ಖಿನ್ನತೆ, ಮೊದಲೇ ಕರೆತರಬೇಕಿತ್ತು ಎಂದರು.

ಮಗಳ ಬಾಣಂತನ ನಡೆದ ಬಲ್ಮಠದ ನಮ್ಮ ಫ್ಲಾಟಿನಲ್ಲಿ ಹಂಡೆಯೂ ಇಲ್ಲ, ಸೌದೆ ಒಲೆಯೂ ಇಲ್ಲ. ನೀರು ಕಾಯುವುದು ಗೀಸರಿನಲ್ಲಿ.