ಮೊಸಳೆ ಹೆಣ್ಣು ನೋಡಲು ಹೋದದ್ದು

ಮುಂಬಯಿಯ ಮುಲುಂಡಿನ ಆ ಹೌಸಿಂಗ್ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಕನ್ನಡ ಭಾಷೆ ಉಳಿಯುತ್ತಿತ್ತು. ಉಳಿಸುತ್ತಿದ್ದವರು ತಿರುಮಲೇಶ. ಹನ್ನೊಂದಕ್ಕೆ ಝುಂಬಾ ಕುಣಿತದವರು ಸ್ಪೀಕರ್ ತಂದಿಡುತ್ತಿದ್ದರು.

ಮೈಸೂರು ಕಡೆಯ ತಿರುಮಲೇಶ ಘಾಟ್ಕೋಪರಿನ ವಿಮಾ ಆಫೀಸಿನಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮೂವತ್ತೈದು ವರ್ಷ ಜನರೊಡನೆ ಅವರವರ ಸಾವಿನ ಬಗ್ಗೆ ನಯವಾಗಿ ಮಾತಾಡಿ ಪಳಗಿದ್ದ ಅವರಿಗೆ ಮುಂಬಯಿಯಲ್ಲಿ ಕನ್ನಡದ ಭವಿಷ್ಯದ ಬಗ್ಗೆ ಮಾತಾಡುವುದು ಕಷ್ಟವೆನಿಸಲಿಲ್ಲ. ಕಲಿಸುವುದು ಕಷ್ಟವೆನಿಸಿತು. ಅಕ್ಷರಮಾಲೆಯಿಂದ ಶುರು ಮಾಡಿದಾಗ ಹದಿನಾಲ್ಕು ಮಕ್ಕಳಿದ್ದರು. ಕಾಗುಣಿತಕ್ಕೆ ಬರುವಾಗ ಒಂಬತ್ತಾದರು. ಒತ್ತಕ್ಷರ ದಾಟಿ ಉಳಿದವರು ಐವರು. ಐದಕ್ಕಿಂತ ಕಡಿಮೆಯಾದರೆ ಆ ಒಂದು ಗಂಟೆಯನ್ನೂ ಝುಂಬಾಕ್ಕೇ ಕೊಡುವುದಾಗಿ ಸೊಸೈಟಿಯ ಸೆಕ್ರೆಟರಿ ಮರಾಠಿಯಲ್ಲಿ, ಬಹಳ ವಿನಯದಿಂದ ತಿಳಿಸಿದರು.

ತಿರುಮಲೇಶ ಪುಸ್ತಕ ಮುಚ್ಚಿದರು. ಇನ್ನು ಹಾಡು, ನಾಟಕ. ಆದರೆ ನಾಟಕ ಎಲ್ಲಿಂದ ತರುವುದು?

“ನಿಮಗೆ ಬಾಯಿಪಾಠ ಇರೋ ನಾಟಕ ಒಂದಿದೆಯಲ್ಲ, ಅದನ್ನೇ ಮಾಡ್ಸಿ” ಎಂದರು ಹೆಂಡತಿ ರಮಾಮಣಿ, ಹುರುಳಿಕಾಯಿಯ ನಾರು ತೆಗೆಯುತ್ತ.

“ಯಾವುದೇ ಅದು?”

“ಹೆಣ್ಣು ನೋಡೋದು.”

ಮದುವೆಗೆ ಮುಂಚೆ ತಿರುಮಲೇಶ ಮೈಸೂರು, ಮಂಡ್ಯ, ಚಾಮರಾಜನಗರಗಳಲ್ಲಿ ಹನ್ನೊಂದು ಹೆಣ್ಣು ನೋಡಿದ್ದರು. ರಮಾಮಣಿ ಹನ್ನೆರಡನೆಯವರು. ಈ ವಿಷಯ ಮೂವತ್ತು ವರ್ಷದಿಂದ ಆ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಮೇಲೆದ್ದು ಬರುತ್ತಿತ್ತು. ಆಕೆ ಚುಚ್ಚಿ ಆಡಿದ್ದನ್ನು ತಿರುಮಲೇಶ ಸಲಹೆಯೆಂದು ತೆಗೆದುಕೊಂಡರು. ಅದು ಅವರ ಸ್ವಭಾವ. ಎರಡೇ ದಿನದಲ್ಲಿ ನಾಟಕ ಸಿದ್ಧವಾಯಿತು: ಪವಾಯಿ ಕೆರೆಯ ಮೊಸಳೆ ಮುಲುಂಡಿಗೆ ಕಪ್ಪೆ ಕನ್ಯೆಯನ್ನು ನೋಡಲು ಬರುತ್ತದೆ. ಹಾಡೂ ಇತ್ತು:

ಪವಾಯಿ ಕೆರೆಯ ಮೊಸಳೆ ಮಾವ
ಹೊರಟ ಹೆಣ್ಣು ನೋಡೋಕೆ
ಬಸ್ಸಲಿ ಬಾಲ, ಲೋಕಲಲಿ ಹೊಟ್ಟೆ
ಜಾಗ ಇಲ್ಲ ಕೂರೋಕೆ

ಮಕ್ಕಳು ಕುಣಿದಾಡಿ ಹಾಡಿದರು. ತಿರುಮಲೇಶ ಆಫೀಸಿನ ಶಿಸ್ತಿನಲ್ಲಿ ಮುಂದುವರಿದರು. ಯಾರ ಪಾತ್ರಕ್ಕೆ ಯಾವ ಮಾತೋ ಅಷ್ಟನ್ನೇ ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಆಯಾ ಮಗುವಿನ ತಾಯಿಗೆ ವಾಟ್ಸಾಪ್ ಮಾಡಿದರು. ಒಬ್ಬರದು ಇನ್ನೊಬ್ಬರಿಗೆ ಹೋಗಲಿಲ್ಲ. ಮಕ್ಕಳಿಗೆ ಗೊಂದಲವಾಗಬಾರದಲ್ಲ.

ಮೊಸಳೆಯಾದವನು ಎಂಟು ವರ್ಷದ ಚಿನ್ಮಯ್. ಹೆಣ್ಣಿನ ತಂದೆಯ ಪಾತ್ರ ವಾಚ್‌ಮನ್ ಬಸವಂತರಾಯನ ಮಗಳು ದಾನೇಶ್ವರಿಯದು. ಕಲಬುರ್ಗಿ ಕಡೆಯ ಅವಳೊಬ್ಬಳಿಗೆ ಮಾತ್ರ ಮೊದಲೇ ಕನ್ನಡ ಬರುತ್ತಿತ್ತು. ಆ ಕಾರಣಕ್ಕೆ ತಿರುಮಲೇಶ ಅವಳ ಕಡೆ ಅಷ್ಟಾಗಿ ಗಮನ ಕೊಟ್ಟಿರಲಿಲ್ಲ.

“ಸರ, ಇಂವಗ ಇವನ ಮಾತಷ್ಟ ಬರ್ತಾವ್ರಿ” ಎಂದು ಅವಳು ಒಂದು ಭಾನುವಾರ ಚಿನ್ಮಯನ ಮೇಲೆ ದೂರು ಕೊಟ್ಟಳು. “ನಿನ್ನ ಹೆಸರೇನೋ ಅಂದ್ರ, ಜಾತಕ ತಂದಿದ್ದೇವೆ ಅಂತಾನ್ರಿ.”

“ಉಚ್ಚಾರಣೆ ನೋಡಮ್ಮ, ಉಚ್ಚಾರಣೆ!” ಎಂದರು ತಿರುಮಲೇಶ.

“ಯಾಕ್ರಿ ಸರ?” ಎಂದಳು ಅವಳು. ಅವಳು ಪ್ರತಿಯೊಂದಕ್ಕೂ ಹಾಗೆಯೇ ಕೇಳುತ್ತಿದ್ದಳು.

ಆಮೇಲಿನ ವಾರ ಚಿನ್ಮಯನ ತಾಯಿ ಪ್ರಿಯಂವದಾ ಲಿಫ್ಟಿನ ಬಳಿ ಸಿಕ್ಕಳು. ಬೆಂಗಳೂರಿನವಳು, ಪವಾಯಿಯ ಐಟಿ ಆಫೀಸಿನಲ್ಲಿ ಇಂಜಿನಿಯರ್.

“ಸರ್, ಶನಿವಾರ ನಮ್ಮತ್ತೆ ಬರ್ತಿದಾರೆ. ಹೋದ್ಸಲ ಇವನು ಬರೀ ಹಿಂದೀಲಿ ಮಾತಾಡ್ದ ಅಂತ ನಾಲ್ಕು ದಿನ ಮುಂಚೆನೇ ವಾಪಸ್ ಹೋದ್ರು. ಈ ಸಲ ಅವರ ಜೊತೆ ಕನ್ನಡ ಮಾತಾಡ್ಲಿಲ್ಲ ಅಂದ್ರೆ ನಾನು ಇವನನ್ನ ರೋಬೋಟಿಕ್ಸ್‌ಗೆ ಹಾಕ್ತೀನಿ. ಅದೂ ಸಂಡೇ ಹತ್ತಕ್ಕೇ. ಬೇಜಾರಾಗ್ಬೇಡಿ.”

ತಿರುಮಲೇಶ ಬೇಜಾರಾಗಲಿಲ್ಲ. ಐದರಲ್ಲಿ ಒಂದು ಕಳೆದರು, ಅಷ್ಟೇ. “ನೀವೇ ಬಂದು ನೋಡಿ ಸರ್, ತಿಂಡಿಗೆ” ಎಂದಾಗ ಒಪ್ಪಿಕೊಂಡರು. ಹುಡುಗನಿಗೆ ಏಳು ವಾಕ್ಯ ಬರುತ್ತಿದ್ದವು. ಒಬ್ಬ ಅಜ್ಜಿಗೆ ಏಳು ಸಾಲದೆ?

ಶನಿವಾರ ಬೆಳಿಗ್ಗೆ ನಂಜನಗೂಡಿನಿಂದ ಬಂದಿಳಿದಿದ್ದ ನಾಗರತ್ನಮ್ಮ ಸೋಫಾದಲ್ಲಿ ಕೂತಿದ್ದರು. ತಟ್ಟೆಯಲ್ಲಿ ಇಡ್ಲಿ.

“ಬಾ ಪುಟ್ಟ, ಹೇಗಿದೀಯಪ್ಪ?”

ಚಿನ್ಮಯ್ ಕೈ ಹಿಂದೆ ಕಟ್ಟಿ ನಿಂತ. “ನಾವು ಪವಾಯಿಯಿಂದ ಬಂದಿದ್ದೇವೆ. ಪ್ರಯಾಣ ಸುಖಕರವಾಗಿತ್ತು.”

ಅಜ್ಜಿ ಸೊಸೆಯ ಮುಖ ನೋಡಿದರು. “ತಿಂಡಿ ಆಯ್ತೇನೋ?”

“ಉಪ್ಪಿಟ್ಟು ಬಹಳ ರುಚಿಯಾಗಿದೆ. ಹುಡುಗಿಯೇ ಮಾಡಿದ್ದೋ?”

ತಿರುಮಲೇಶ ಚಟ್ನಿಯನ್ನು ಸೂಕ್ಷ್ಮವಾಗಿ ಪರೀಕ್ಷಿಸತೊಡಗಿದರು.

“ಯಾವ ಹುಡುಗಿ?”

“ಹುಡುಗಿಗೆ ಹಾಡು ಬರುತ್ತದೆಯೇ?”

“ಇದೇನ್ರೀ ಮೇಷ್ಟ್ರೇ,” ಅಜ್ಜಿ ಇತ್ತ ತಿರುಗಿದರು, “ಎಂಟು ವರ್ಷದ ಮಗೂಗೆ ಹೆಣ್ಣು ನೋಡೋದು ಕಲಿಸಿದೀರಾ?”

“ನಾಟಕ ಅಮ್ಮ. ಅವನು ಮೊಸಳೆ” ಎಂದರು ತಿರುಮಲೇಶ. ಇದರಿಂದ ಎಲ್ಲ ಸರಿಹೋಗುವುದೆಂದು ಅವರು ನಂಬಿದ್ದರು.

ಪ್ರಿಯಂವದಾ ಫೋನ್ ಎತ್ತಿಕೊಂಡಳು. ರೋಬೋಟಿಕ್ಸಿನ ಫಾರ್ಮು ತೆರೆದುಕೊಂಡದ್ದು ತಿರುಮಲೇಶರಿಗೆ ಕೂತಲ್ಲಿಂದಲೇ ಕಂಡಿತು. ತಪ್ಪು ತಮ್ಮದೆಂದು ಅವರಿಗೆ ಹೊಳೆದದ್ದು ಆಗಲೇ. ಅವರು ಮಗುವಿಗೆ ಹೇಳುವುದನ್ನು ಕಲಿಸಿದ್ದರು. ಎದುರಿನವರು ಹೇಳುವುದು ಅದರ ಕಿವಿಗೆ ಬೀಳದಂತೆ ನೋಡಿಕೊಂಡಿದ್ದರು.

ನಿಲ್ಲಿಸು ಎಂದು ಯಾರೂ ಹೇಳದ್ದರಿಂದ ಮೊಸಳೆ ಮುಂದುವರಿಯಿತು. “ಹುಡುಗಿ ಎಷ್ಟು ಓದಿದ್ದಾಳೆ?”

ನಾಟಕದಲ್ಲಿ ಕಪ್ಪೆ ಬಿ.ಕಾಂ. ಆಗಿತ್ತು. ಅದಕ್ಕೆ ಮೊಸಳೆ “ಸಂತೋಷ” ಎನ್ನಬೇಕಿತ್ತು.

ನಾಗರತ್ನಮ್ಮ ತಟ್ಟೆ ಪಕ್ಕಕ್ಕಿಟ್ಟರು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

“ಎಸ್ಸೆಸ್ಸೆಲ್ಸಿ,” ಎಂದರು. “ಫೇಲು.”

ಚಿನ್ಮಯ್ ಮೇಷ್ಟ್ರ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು. ಹುಡುಗ ಮತ್ತೆ ಅಜ್ಜಿಯ ಕಡೆ ತಿರುಗಿದ.

“ಯಾಕ್ರಿ... ಫೇಲು?”

ತಿರುಮಲೇಶ ತಲೆಯೆತ್ತಿದರು. ಈ ಮಾತನ್ನು ಅವರು ಬರೆದಿರಲಿಲ್ಲ, ರೆಕಾರ್ಡ್ ಮಾಡಿರಲಿಲ್ಲ, ಯಾವ ತಾಯಿಗೂ ಕಳಿಸಿರಲಿಲ್ಲ. ಇದು ದಾನೇಶ್ವರಿಯದು.

ಅಜ್ಜಿ ಮುಂದಕ್ಕೆ ಬಾಗಿದರು. “ಲೆಕ್ಕದ ಪರೀಕ್ಷೆ ದಿನಾನೇ ಗಂಡಿನ ಕಡೆಯವರು ನೋಡೋಕೆ ಬಂದ್ರು ಕಣೋ. ನಮ್ಮಪ್ಪ ಪರೀಕ್ಷೆಗೆ ಹೋಗ್ಬೇಡ ಅಂದ್ರು.”

ಚಿನ್ಮಯನ ಕಣ್ಣರಳಿತು. ಗಂಡಿನ ಕಡೆಯವರು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. “ಮೊಸಳೆ?”

“ಹೂಂ. ನಿಮ್ ತಾತ.”

“ಅತ್ತೇ, ಇದನ್ನ ನೀವು ಯಾವತ್ತೂ ಹೇಳೇ ಇಲ್ಲ!” ಎಂದಳು ಪ್ರಿಯಂವದಾ.

“ಯಾರಮ್ಮ ಕೇಳಿದ್ರು?”

ಚಿನ್ಮಯ್ ಯೋಚಿಸುತ್ತಿದ್ದ. ತಲೆಯೊಳಗೆ ಮಾತು ಹುಡುಕುವುದು ಹೊರಗಿನಿಂದಲೇ ಕಾಣುತ್ತಿತ್ತು. ಕೊನೆಗೆ ಅಜ್ಜಿಯ ಪಕ್ಕ ಹೋಗಿ ಕೂತು, “ಅಜ್ಜಿ, ನನಗೂ... ಲೆಕ್ಕ ಬೇಡ” ಎಂದ.

ಇಂಜಿನಿಯರ್ ತಾಯಿಯ ಮುಖದಲ್ಲಿ ಹಲವು ಭಾವಗಳು ಒಟ್ಟಿಗೆ ಬಂದು ಒಂದಕ್ಕೊಂದು ಜಾಗ ಬಿಡದೆ ನಿಂತವು. “ಸರ್, ಇದೂ ನಾಟಕದ್ದಾ?”

“ಇಲ್ಲಮ್ಮ,” ಎಂದರು ತಿರುಮಲೇಶ. “ಇದು ಅವನದೇ.”

ಅಜ್ಜಿ “ಯಾಕೋ ಬೇಡ?” ಎಂದರು. ಹುಡುಗ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಟೀಚರ್ ಮೇಲೆ ದೂರು ಶುರು ಮಾಡಿದ. ಕನ್ನಡ ಸಿಗದಾಗ ಕೈಯಲ್ಲಿ ಮಾಡಿ ತೋರಿಸಿದ. ಅಜ್ಜಿ ಅದಕ್ಕೆ ಕನ್ನಡ ಪದ ಹೇಳಿಕೊಟ್ಟರು. ಅವನು ಅದನ್ನು ಇಟ್ಟುಕೊಂಡು ಮುಂದೆ ಹೋದ. ಪ್ರಿಯಂವದಾ ಫೋನನ್ನು ಮಗುಚಿಟ್ಟು ತಿರುಮಲೇಶರ ತಟ್ಟೆಗೆ ಕೇಳದೆಯೇ ಇನ್ನೊಂದು ಇಡ್ಲಿ ಹಾಕಿದಳು.

ಮರುದಿನ ಕ್ಲಬ್‌ಹೌಸಿನಲ್ಲಿ ಐದೂ ಮಕ್ಕಳಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಗರತ್ನಮ್ಮ ಕಪ್ಪೆ ಕನ್ಯೆಯಾಗಿ ಕೂತಿದ್ದರು. ತಿರುಮಲೇಶ ನಾಟಕದ ಹಾಳೆಗಳನ್ನು ಚೀಲದಿಂದ ತೆಗೆಯಲಿಲ್ಲ.

“ಇವತ್ತು ದಾನೇಶ್ವರಿ ಮೇಷ್ಟ್ರು” ಎಂದು ಹೇಳಿ ಮಕ್ಕಳ ಸಾಲಿನ ಕೊನೆಗೆ ಹೋಗಿ ಕೂತರು.

ಅವಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. “ಹೆಣ್ಣಿಗಿ ಏನ್ ಬೇಕಾದ್ರೂ ಕೇಳ್ರಿ,” ಎಂದಳು. “ಖರೇ ಕೇಳ್ರಿ. ಸರ, ನೀವೂ ಒಂದ್ ಕೇಳಬೇಕ್ರಿ.”

ಹನ್ನೆರಡು ಹೆಣ್ಣು ನೋಡಿದ್ದ ತಿರುಮಲೇಶ ಬಹಳ ಹೊತ್ತು ಯೋಚಿಸಿದರು. ಖರೇ ಪ್ರಶ್ನೆ ಒಂದೂ ಹೊಳೆಯಲಿಲ್ಲ.